ಹತ್ತು ಗಂಟೆಯ ಗಡಿಯಾರ

ಮಂಡಕ್ಕಿ ಭಟ್ಟಿಯ ಗೋಡೆಗೆ ಮೊಳೆ ಹೊಡೆದು ತೂಗಿಹಾಕಿದ್ದರು ಅದನ್ನು.
ಅಂಕಿ ಹತ್ತೇ. ಮುಳ್ಳು ಒಂದೇ.
ಹಗಲಿಗೂ ಎರಡು, ಇರುಳಿಗೂ ಎರಡು.
ಊಟದ ಹೊತ್ತು ದಾಟಿತೆಂದು ಹುಡುಗರು
ಬೆಳಿಗ್ಗೆಯೇ ಸಲಿಕೆ ಕೆಳಗಿಡುತ್ತಿದ್ದರಂತೆ, ತಮಾಷೆಗೆ.

ಹುಸೇನ್‌ಬೀ ಮಾತ್ರ ನಗುತ್ತಿರಲಿಲ್ಲ.
ಮುಳ್ಳು ನಿಲ್ಲುವಲ್ಲಿ ಗಾಜಿನ ಮೇಲೆ ಸುಣ್ಣದ ಚುಕ್ಕೆ ಇಟ್ಟಿದ್ದಳು.
ಕೂದಲೆಳೆಯಷ್ಟು ಅದು ಚುಕ್ಕೆ ದಾಟಿದರೆ
"ಊರು ಮ್ಯಾಲೆ ಹೊಂಟೈತಿ, ಭತ್ತ ಒಳಗ ಎಳೀರೋ" ಎಂದು ಕೂಗುವಳು.
ಸಂಜೆಗೆ ಮಳೆ.

ನಾನು ಗೇಜು ರಿಪೇರಿಯವನು, ಮಂಡಿಪೇಟೆಯಲ್ಲಿ.
ಗಿರಣಿಗಳ ಬಾಯ್ಲರು ಆರುವ ತನಕ ಹಬೆಯ ಒತ್ತಡ ತಿದ್ದಿದೆ,
ಆಮೇಲೆ ತಕ್ಕಡಿ, ಟೈರಿನ ಗಾಳಿ, ಡಾಕ್ಟರ ಬಿಪಿ ಯಂತ್ರ.
ಗಾಜಿನ ಮಸಿಯನ್ನು ಉಗುಳು ಹಚ್ಚಿ ಒರೆಸಿದೆ,
ಮುಳ್ಳಿನ ಬುಡದಲ್ಲಿ ಸಣ್ಣಕ್ಷರ: ಅಡಿ, ಸಾವಿರಗಳಲ್ಲಿ.
ಎರಡು ಸಾವಿರ ಅಡಿ.
ಸಮುದ್ರದಿಂದ ದಾವಣಗೆರೆ ಇರುವುದೇ ಹೆಚ್ಚುಕಡಿಮೆ ಅಷ್ಟು ಎತ್ತರ.
ಇಷ್ಟು ವರ್ಷ ಅದು ಸರಿಯಾಗಿಯೇ ಹೇಳುತ್ತಿತ್ತು,
ನಾವು ಕೇಳಿದ್ದು ಬೇರೆ.

"ಇದರ ಜೊತೆ ಏನಿತ್ತು?" ಎಂದೆ.
ಅವಳು ಗದ್ದ ಎತ್ತಿ ಅಟ್ಟ ತೋರಿಸಿದಳು.

ಖಾಲಿ ಚೀಲಗಳ ಕೆಳಗೆ ಪಕ್ಕೆಲುಬುಗಳು.
ಮೂವತ್ತೊಂದರವರೆಗೆ ಎಣಿಸಿದೆ,
ಮೂವತ್ತೆರಡನೆಯದರ ಮೇಲೆ ಬೆಕ್ಕು ಮರಿ ಹಾಕಿತ್ತು.
ಅವಳ ಮಾವ ಹರಾಜಿನಲ್ಲಿ ಸೌದೆಯೆಂದು ಕೊಂಡದ್ದಂತೆ,
"ಭಟ್ಟಿಗೆ ಒಂದು ತುತ್ತಿಗೂ ಸಾಲದು" ಎಂದು ಬೈದು ಮೇಲೆಸೆದನಂತೆ.
ಹೊಗೆ ಕುಡಿದು ಕುಡಿದು ಕರ್ರಗಾದ ತೆಳು ಮರ,
ಗೆದ್ದಲು ಮೂಸಿಯೂ ನೋಡಿಲ್ಲ.

ಬಡಗಿ ಕೊಟ್ರೇಶಾಚಾರಿ ಒಂದನ್ನು ಕೆರೆದು ಮೂಗಿಗೆ ಹಿಡಿದು
"ನಮ್ಮ ಕಡೆಯ ಕಾಡಲ್ಲ ಇದು" ಎಂದ.
ಹಿತ್ತಾಳೆ ಮೊಳೆ, ಜೀರಿಗೆಗಿಂತ ಸಣ್ಣವು.
ಪ್ರತಿ ಪಕ್ಕೆಗೂ ತಪಾಸಣೆಯವನ ಶಾಯಿ ಮುದ್ರೆ,
ಒಂದರ ಮೇಲೆ ಮಾತ್ರ ತಲೆಕೆಳಗು:
ಯಾವನೋ ಶನಿವಾರ ಬೇಗ ಮನೆಗೆ ಹೊರಟವನು.

ಮ್ಯೂಸಿಯಂನಿಂದ ಬಂದ ಅನಸೂಯಾ ಕಿಣಿ
ಎರಡು ದಿನ ಅಳೆದಳು. "ಟೈಗರ್ ಮಾತ್" ಎಂದು ಬರೆದುಕೊಂಡಳು,
ಮೂರನೆಯ ದಿನ ಹೊಡೆದುಹಾಕಿದಳು.
ಅದರ ರೆಕ್ಕೆ ಹಿಂದಕ್ಕೆ ಬಾಗಿರಬೇಕು,
ಇದರ ಬುಡದ ಕಬ್ಬಿಣ ನೆಟ್ಟಗಿದೆ.
"ಇನ್ನೂ ಹಳೆಯದು" ಎನ್ನುವಾಗ ಧ್ವನಿ ಇಳಿಸಿದಳು,
ಮಲಗಿದ ಕೂಸು ಎದ್ದೀತೆಂಬಂತೆ.

ಫಲಕದಲ್ಲಿ ತೂತು ಐದು.
ದಿಕ್ಸೂಚಿಯ ಮದ್ಯ ಆರಿದೆ, ಉತ್ತರ ಬಟ್ಟಲ ತಳ ಕಂಡಿದೆ.
ವೇಗದ ಮುಳ್ಳು ತುಕ್ಕು ಹಿಡಿದು ಅರವತ್ತು ಮೈಲಿಯಲ್ಲೇ ಓಡುತ್ತಿದೆ.
ಐದನೆಯ ತೂತಿನಲ್ಲಿ ಏನಿತ್ತೋ ಯಾರಿಗೂ ಗೊತ್ತಿಲ್ಲ.
ಅಂಕಿಗಳ ರೇಡಿಯಂ ಕೆರೆಯಬೇಡಿ ಎಂದಳು ಅನಸೂಯಾ,
ಹೊಳಪು ಸತ್ತಿದೆ, ವಿಷ ಸತ್ತಿಲ್ಲ.

ಅರಿವೆಗೆ ಗಿರಿಜವ್ವ ಬಂದಳು,
ಗಿರಣಿಯ ಮಡಿಕೆ ಖಾತೆಯಲ್ಲಿ ಇಪ್ಪತ್ತೆರಡು ವರ್ಷ,
ಕಣ್ಣು ಮುಚ್ಚಿ ಎಳೆ ಎಣಿಸುವ ಹೆಬ್ಬೆರಳು.
ಮೇಣದ ದಾರ, ನಾಲ್ಕು ಬೆರಳಿಗೊಂದು ಗಂಟು.
ಮೆರುಗೆಣ್ಣೆ ಬಳಿದು ಒಣಗಿದ ಮೇಲೆ ರೆಕ್ಕೆಗೆ ಬೆರಳು ಮೀಟಿ
"ಹಲಗಿ ಆತು ನೋಡ್ರಿ" ಎಂದಳು.
ಬೀದಿಯ ನಾಯಿ ಬೊಗಳಿತು.

ಕೊನೆಗೆ ಉಳಿದದ್ದು ಆ ಗಡಿಯಾರ.
ನನ್ನ ಮೇಜಿನ ಗಾಜಿನ ಜಾಡಿಯೊಳಗಿಟ್ಟು ಪಂಪು ಎಳೆದೆ.
ಗಾಳಿ ತೆಳುವಾದಂತೆ ಮುಳ್ಳು ಮೂರು, ನಾಲ್ಕೂವರೆ,
ಎಂಟು ಸಾವಿರ ಅಡಿ.
ಎದುರು ಕೂತ ಹುಸೇನ್‌ಬೀ ಕುರ್ಚಿಯ ಕೈ ಗಟ್ಟಿ ಹಿಡಿದಳು.
ಗಾಳಿ ಬಿಟ್ಟೆ.
ಇಳಿಯಿತು, ಇಳಿಯಿತು, ಚುಕ್ಕೆಗೆ ಮಾತ್ರ ಬರಲಿಲ್ಲ,
ಕೂದಲೆಳೆ ಆಚೆಗೇ ನಿಂತಿತು.
ಹಳೆಯ ಡಬ್ಬಿಗಳೇ ಹೀಗೆ, ಏರಿದ್ದನ್ನು ಬೇಗ ಮರೆಯವು,
ಉಗುರಿಂದ ತಟ್ಟಿದರೆ ಸರಿಹೋಗುತ್ತದೆ.

ಬೆರಳು ಎತ್ತಿದೆ.
"ತಡಿ" ಎಂದಳು.
ಬಾಗಿಲಿಗೆ ಹೋಗಿ ಮೋಡವಿಲ್ಲದ ಆಕಾಶ ನೋಡಿ
ಸೆರಗಿನ ಗಂಟಿನಿಂದ ಫೋನು ಬಿಚ್ಚಿ
ಭಟ್ಟಿಗೆ ಹಚ್ಚಿದಳು.